ಮಲೆನಾಡಿನ ಗಿಡ, ಅಣಬೆ: ಯಾವುದನ್ನು ಯಾವ ಹರ್ಬೇರಿಯಂಗೆ ಒಯ್ಯಬೇಕು?

ಮಳೆಗಾಲ ಶುರುವಾಯಿತೆಂದರೆ ನನ್ನ ಫೋನಿಗೆ ಗಿಡದ ಚಿತ್ರಗಳು ಬರುತ್ತವೆ. ತೀರ್ಥಹಳ್ಳಿ, ಹೊಸನಗರ, ಸಾಗರ, ಕೊಪ್ಪ ಕಡೆಯ ಕಾಲೇಜು ಹುಡುಗರು, ಮೇಷ್ಟ್ರುಗಳು, ತೋಟದವರು ಕಳಿಸುತ್ತಾರೆ. ‘ಇದೇನು?’ ಎಂಬ ಪ್ರಶ್ನೆಯ ಬೆನ್ನಿಗೇ ಇನ್ನೊಂದು ಇರುತ್ತದೆ: ‘ಒಣಗಿಸಿ ಇಟ್ಟಿದ್ದೇನೆ, ಯಾರಿಗೆ ಕೊಡಲಿ?’ ಮೊದಲನೆಯದಕ್ಕೆ ಫೋಟೋ ನೋಡಿಯೇ ಎಷ್ಟೋ ಸಲ ಉತ್ತರ ಹೇಳಬಹುದು. ಎರಡನೆಯದಕ್ಕೆ ಕೊಡುವವರು ಯಾರು, ಗಿಡ ಯಾವುದು, ಅದರಿಂದ ಏನಾಗಬೇಕು ಎಂದು ಕೇಳದೆ ಉತ್ತರಿಸಲಾರೆ. ಪ್ರತಿಯೊಬ್ಬರಿಗೂ ಅದನ್ನೇ ಬಿಡಿಬಿಡಿಯಾಗಿ ಹೇಳುತ್ತ ಬಂದಿದ್ದೇನೆ. ಈ ಸಲ ಕೂತು ಪೂರ್ತಿ ಬರೆದಿದ್ದೇನೆ.

ಹರ್ಬೇರಿಯಂ ನೋಡಿರದವರಿಗೆ ಎರಡು ಮಾತು. ಗಿಡವನ್ನು ಎಲೆ, ಹೂ, ಕಾಯಿ ಸಮೇತ ಒತ್ತಿ ಒಣಗಿಸಿ, ಸುಮಾರು 42 ಸೆಂ.ಮೀ. ಉದ್ದ, 28 ಸೆಂ.ಮೀ. ಅಗಲದ ದಪ್ಪ ಹಾಳೆಗೆ ಅಂಟಿಸುತ್ತಾರೆ. ಬಲಗಡೆ ಕೆಳಮೂಲೆಯಲ್ಲಿ ಚೀಟಿ: ಎಲ್ಲಿ ಸಿಕ್ಕಿತು, ಯಾವತ್ತು, ಎಷ್ಟು ಎತ್ತರದಲ್ಲಿ, ಯಾರು ತಂದರು, ತಂದವರ ಕ್ರಮಸಂಖ್ಯೆ ಎಷ್ಟು. ಅಣಬೆಯನ್ನು ಒತ್ತುವುದಿಲ್ಲ, ಒಣಗಿಸಿ ಕಾಗದದ ಪೊಟ್ಟಣದಲ್ಲೋ ಪೆಟ್ಟಿಗೆಯಲ್ಲೋ ಇಡುತ್ತಾರೆ. ಚೀಟಿ ಇಲ್ಲದ ಗಿಡಕ್ಕೆ ಹರ್ಬೇರಿಯಂನಲ್ಲಿ ಒಣಹುಲ್ಲಿನಷ್ಟೂ ಬೆಲೆ ಇಲ್ಲ. ಇಂಥ ಸಂಗ್ರಹಗಳಿಗೆ ಜಗತ್ತಿನಾದ್ಯಂತ ಒಂದೊಂದು ಸಂಕೇತಾಕ್ಷರ ಇದೆ. ಅದರ ಪಟ್ಟಿಯನ್ನು ನ್ಯೂಯಾರ್ಕ್ ಸಸ್ಯೋದ್ಯಾನದವರು ಅಂತರ್ಜಾಲದಲ್ಲಿ ಇಟ್ಟಿದ್ದಾರೆ, ಯಾರು ಬೇಕಾದರೂ ನೋಡಬಹುದು.

ಹಳೆಯ ಹಾಳೆ ಹುಡುಕುವವರು ಮೊದಲು ಹಳೆಯ ಗಡಿ ನೋಡಬೇಕು

ಕೊಡುವ ಮಾತಿಗಿಂತ ಮುಂಚೆ ಹುಡುಕುವ ಮಾತು. ನಮ್ಮೂರಿನ ಗಿಡಗಳ ಹಳೆಯ ಮಾದರಿ ಎಲ್ಲಿವೆ ಎಂದು ಕೇಳಿದರೆ, ಇವತ್ತಿನ ನಕ್ಷೆ ಹಿಡಿದು ಹೊರಟವರು ದಾರಿ ತಪ್ಪುತ್ತಾರೆ. ಮಲೆನಾಡು ಒಂದೇ ಸೀಮೆ ಎಂದು ನಾವು ಅಂದುಕೊಂಡರೂ 1956ಕ್ಕೆ ಮೊದಲು ಅದು ಬೇರೆ ಬೇರೆ ಆಡಳಿತಗಳಲ್ಲಿ ಹಂಚಿಹೋಗಿತ್ತು. ಶಿವಮೊಗ್ಗ, ಚಿಕ್ಕಮಗಳೂರು, ಹಾಸನ ಮೈಸೂರು ಸಂಸ್ಥಾನದವು. ಘಟ್ಟದ ಕೆಳಗಿನ ದಕ್ಷಿಣ ಕನ್ನಡ ಮದರಾಸು ಪ್ರಾಂತ್ಯ. ಉತ್ತರ ಕನ್ನಡ 1862ರಿಂದ ಮುಂಬಯಿ ಪ್ರಾಂತ್ಯ. ಗಿಡ ಕೂಡಿಸಿದವರಲ್ಲಿ ಹೆಚ್ಚಿನವರು ಸರ್ಕಾರಿ ಅಧಿಕಾರಿಗಳು. ಅವರ ಹಾಳೆಗಳು ಅವರವರ ಸರ್ಕಾರದ ಊರಿನ ದಾರಿ ಹಿಡಿದವು.

ಹಾಗಾಗಿ ಸಿದ್ದಾಪುರ, ಶಿರಸಿ, ಯಲ್ಲಾಪುರದ ಹಳೆಯ ಗಿಡ ಬೇಕಾದರೆ ಮುಂಬಯಿ, ಪುಣೆ ನೋಡಬೇಕು. ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನ ಬ್ಲಾಟರ್ ಹರ್ಬೇರಿಯಂ 1906ರದ್ದು. ಪುಣೆಯಲ್ಲಿ ಬೊಟಾನಿಕಲ್ ಸರ್ವೆ ಆಫ್ ಇಂಡಿಯಾದ ಪಶ್ಚಿಮ ವಲಯದ ಸಂಗ್ರಹ ಇದೆ. ಕಾರ್ಕಳ, ಬೆಳ್ತಂಗಡಿ, ಸುಬ್ರಹ್ಮಣ್ಯದ ಕಡೆಯದಾದರೆ ಕೊಯಮತ್ತೂರಿನ ಮದ್ರಾಸ್ ಹರ್ಬೇರಿಯಂ. 1853ರಲ್ಲಿ ಮದರಾಸಿನಲ್ಲಿ ಶುರುವಾದ ಇದು ಈಗ ಅದೇ ಸರ್ವೆಯ ದಕ್ಷಿಣ ವಲಯದಲ್ಲಿದೆ. ನಮ್ಮ ಶಿವಮೊಗ್ಗದ ಪಾಡು ಬೇರೆ. ಅದರ ಹಳೆಯ ದಾಖಲೆ ಇಲ್ಲಿ ಸ್ವಲ್ಪ, ಅಲ್ಲಿ ಸ್ವಲ್ಪ ಎಂಬಂತೆ ಚದುರಿದೆ. ಅದರಲ್ಲಿ ಒಂದು ದೊಡ್ಡ ಪಾಲು ಎಡಿನ್‌ಬರದಲ್ಲಿದೆ.

ಅದು ಅಲ್ಲಿಗೆ ಹೋದದ್ದು ಹೀಗೆ. ಹ್ಯೂ ಕ್ಲೆಗ್‌ಹಾರ್ನ್ ಎಂಬ ಸ್ಕಾಟ್ ವೈದ್ಯ 1840ರ ದಶಕದ ಮಧ್ಯದಲ್ಲಿ ಶಿವಮೊಗ್ಗದಲ್ಲಿ ಕೆಲಸದ ಮೇಲಿದ್ದ. ಒಬ್ಬ ಮರಾಠ ಚಿತ್ರಕಾರನನ್ನು ಇಟ್ಟುಕೊಂಡು ದಿನಕ್ಕೊಂದು ಗಿಡದಂತೆ ಬರೆಸಿದ. ಮುಂದೆ ಆತ ಮದರಾಸು ಪ್ರಾಂತ್ಯದ ಮೊದಲ ಅರಣ್ಯ ಸಂರಕ್ಷಣಾಧಿಕಾರಿಯಾದ. ಆ ಚಿತ್ರಗಳು ಈಗ ಎಡಿನ್‌ಬರದ ರಾಯಲ್ ಬೊಟಾನಿಕ್ ಗಾರ್ಡನ್‌ನಲ್ಲಿವೆ. ನಮ್ಮ ಬೇಲಿಯ ಗಿಡ, ನಮ್ಮ ಗದ್ದೆ ಬದುವಿನ ಹೂವು ಸುಮಾರು 180 ವರ್ಷದ ಹಿಂದೆ ನಮ್ಮೂರಲ್ಲೇ ಚಿತ್ರವಾದದ್ದನ್ನು ಮೊದಲ ಸಲ ಪರದೆಯ ಮೇಲೆ ಕಂಡಾಗ ನನಗೆ ಬಹಳ ಹೊತ್ತು ಮಾತೇ ಹೊರಡಲಿಲ್ಲ. ಆ ಚಿತ್ರಕಾರ ತುಂಗೆಯ ದಡದಲ್ಲಿ ಕೂತು ಎಲೆಯ ನರ ಎಣಿಸಿದ್ದಾನೆ.

ಈ ಗಡಿಯ ಲೆಕ್ಕ ಅತಿ ಚೆನ್ನಾಗಿ ಕಾಣುವುದು ಜೋಗದಲ್ಲಿ. 1919ರಲ್ಲಿ ಸೆಜ್‌ವಿಕ್ ಮತ್ತು ಬೆಲ್ ಎಂಬ ಮುಂಬಯಿ ಪ್ರಾಂತ್ಯದ ಇಬ್ಬರು ಅಧಿಕಾರಿಗಳು ಜಲಪಾತದ ಹತ್ತಿರ ಒಂದು ಎಳೆಯ ಹುಲ್ಲು ಕಿತ್ತರು. ಮೂವತ್ತು ವರ್ಷ ಕಳೆದ ಮೇಲೆ ಬೋರ್ ಎಂಬ ಹುಲ್ಲಿನ ತಜ್ಞ ಆ ಒಣ ಮಾದರಿಯನ್ನು ನೋಡಿ, ಇದು ಹೊಸ ಜಾತಿ ಮಾತ್ರವಲ್ಲ, ಹೊಸ ಕುಲವೇ ಹೌದು ಎಂದು ಹಬಾರ್ಡಿಯಾ ಹೆಪ್ಟಾನ್ಯೂರಾನ್ ಎಂದು ಹೆಸರಿಟ್ಟ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು, ಶರಾವತಿಯ ನೀರು ಬೇರೆ ದಾರಿ ಹಿಡಿಯಿತು, ಬಂಡೆಗೆ ವರ್ಷವಿಡೀ ಬಡಿಯುತ್ತಿದ್ದ ತುಂತುರು ಇಳಿಯಿತು. ಆಮೇಲೆ ಹುಡುಕಿದವರಿಗೆ ಅಲ್ಲಿ ಆ ಹುಲ್ಲು ಸಿಗಲಿಲ್ಲ. ನಿರ್ವಂಶವಾಯಿತು ಎಂದೇ ಬರೆದರು. 2003ರ ಹೊತ್ತಿಗೆ ಮಹಾರಾಷ್ಟ್ರದ ತಿಲಾರಿ ಘಟ್ಟದಲ್ಲಿ ಹಾಗೇ ನೀರು ಜಿನುಗುವ ಬಂಡೆಯ ಮೇಲೆ ಒಂದು ಹುಲ್ಲು ಕಂಡಾಗ, ಅದೇ ಇದು ಎಂದು ಹೇಳಲು ಆಧಾರ ಜೋಗದ ಹಾಳೆಯೇ. ಆ ಇಬ್ಬರು ಅವತ್ತು ಕಿತ್ತು ಒಣಗಿಸಿಡದಿದ್ದರೆ, ಜೋಗದಲ್ಲಿ ಇಂಥದೊಂದು ಇತ್ತು ಎಂಬುದೇ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹರ್ಬೇರಿಯಂ ಏಕೆ ಬೇಕು ಎಂದು ಕೇಳಿದವರಿಗೆ ನಾನು ಇದೊಂದನ್ನೇ ಹೇಳುವುದು.

ಈಗ ಕೊಡುವುದಾದರೆ

ನಿಮಗೆ ಬೇಕಾದದ್ದು ಹೆಸರು ಮಾತ್ರ ಎಂದಾದರೆ ದೂರ ಹೋಗಬೇಡಿ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಸಸ್ಯಶಾಸ್ತ್ರದವರು ನಮ್ಮ ಕಾಡಿನಲ್ಲೇ ತಿರುಗಿದವರು. ‘ಆಗುಂಬೆಯಲ್ಲಿ ಬಲಗಡೆ ಇಳಿಜಾರಿನಲ್ಲಿ ಸಿಕ್ಕಿತು’ ಎಂದರೆ ಎಂಥ ಜಾಗ ಎಂದು ಅವರಿಗೆ ಅರ್ಥವಾಗುತ್ತದೆ. ಬೆಳಿಗ್ಗೆ ಕಿತ್ತದ್ದನ್ನು ಮಧ್ಯಾಹ್ನದೊಳಗೆ ಹಸಿಯಾಗಿಯೇ ತೋರಿಸಬಹುದು. ಹೂವಿನ ಬಣ್ಣ, ಹಾಲು ಬರುತ್ತದೋ ಇಲ್ಲವೋ, ವಾಸನೆ, ಇವೆಲ್ಲ ಒಣಗಿದ ಮೇಲೆ ಹೋಗುವಂಥವು. ಈ ಅನುಕೂಲವನ್ನು ಬೆಂಗಳೂರಾಗಲಿ ಪುಣೆಯಾಗಲಿ ಕೊಡಲಾರವು. ಜಿಲ್ಲೆಯ ಸಸ್ಯಗಳ ಪುಸ್ತಕ 2001ರಲ್ಲಿ ಮೈಸೂರು ವಿಶ್ವವಿದ್ಯಾಲಯದಿಂದ ಬಂದಿದೆ, ಅದನ್ನೊಮ್ಮೆ ತಿರುವಿ ಹೋದರೆ ಕೇಳುವ ಪ್ರಶ್ನೆಯೂ ಹದವಾಗಿರುತ್ತದೆ.

ಆದರೆ ನಿಮ್ಮ ಹಾಳೆ ನೂರು ವರ್ಷ ಉಳಿಯಬೇಕೆಂದಿದ್ದರೆ ಹತ್ತಿರ ಎಂಬ ಒಂದೇ ಕಾರಣಕ್ಕೆ ಯಾವ ಕಪಾಟನ್ನೂ ನಂಬಬೇಡಿ. ನಾನು ನಂಬಿ ಕಳೆದುಕೊಂಡಿದ್ದೇನೆ. ಬಹಳ ಹಿಂದೆ ಅರವತ್ತು ಹಾಳೆ ಕಟ್ಟಿ ಒಂದು ಕಾಲೇಜಿಗೆ ಕೊಟ್ಟೆ. ಹೆಸರು ಬೇಡ. ಪ್ರೀತಿಯಿಂದ ಕೇಳಿದ್ದ ಅಧ್ಯಾಪಕರು ನಿವೃತ್ತರಾದರು, ಬೀಗದ ಕೈ ಯಾರ ಹತ್ತಿರ ಎಂದು ಯಾರಿಗೂ ಗೊತ್ತಿರಲಿಲ್ಲ. ಆರು ವರ್ಷದ ಮೇಲೆ ಒಂದು ಕಾಡು ಗೌರಿಹೂವಿನ ಹಾಳೆ ನೋಡಬೇಕಾಗಿ ಹೋದೆ. ಬೀಗ ಒಡೆಸಿ ಬಾಗಿಲು ತೆಗೆದಾಗ ಮುಗ್ಗಲು ವಾಸನೆ ಮುಖಕ್ಕೆ ಹೊಡೆಯಿತು. ಗೌರಿಹೂವಿನ ಹಾಳೆಯಲ್ಲಿ ಅಂಟಿಸಿದ ದಾರದ ನಾಲ್ಕು ಹೊಲಿಗೆ ಹಾಗೇ ಇದ್ದವು. ಹೊಲಿಗೆಯೊಳಗೆ ಗಿಡ ಇರಲಿಲ್ಲ. ಕಂದು ಪುಡಿ ಹಾಳೆಯ ಕೆಳಗಡೆ ಗೆರೆಯಾಗಿ ಕೂತಿತ್ತು, ನನ್ನ ಕೈಬರಹದ ಚೀಟಿ ಮಾತ್ರ ಹೊಸದರಂತಿತ್ತು. ಆ ಗಿಡ ಸಿಕ್ಕಿದ್ದ ದರೆಯನ್ನು ಅಷ್ಟರಲ್ಲಿ ರಸ್ತೆ ಅಗಲಿಸಲು ಕಡಿದಾಗಿತ್ತು.

ಆವತ್ತಿನಿಂದ ನಾನು ಎಲ್ಲಿ ಹೋದರೂ ಮೊದಲು ಕೇಳುವುದು ಮೂರು: ಒಳಗೆ ಬರುವ ಪ್ರತಿ ಕಟ್ಟನ್ನೂ ಶೀತಲಪೆಟ್ಟಿಗೆಯಲ್ಲಿ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ ಕೆಲವು ದಿನ ಇಟ್ಟು ಹುಳ ಕೊಲ್ಲುತ್ತೀರಾ? ದಾಖಲೆ ಪುಸ್ತಕದ ಸಂಖ್ಯೆ ಕೊಡುತ್ತೀರಾ? ಹೊರಗಿನವರು ಬಂದರೆ ತೋರಿಸುತ್ತೀರಾ? ನಮ್ಮ ಮಳೆಯಲ್ಲಿ ಮೊದಲನೆಯದಕ್ಕೆ ಸರಿಯಾದ ಉತ್ತರ ಇಲ್ಲದ ಕಡೆ ಏಕೈಕ ಪ್ರತಿಯನ್ನು ಬಿಟ್ಟು ಬರಬಾರದು. ಹಳೆಯ ಕಾಲದಲ್ಲಿ ಹುಳಕ್ಕೆಂದು ಪಾದರಸದ ವಿಷ ಬಳಿಯುತ್ತಿದ್ದರು. ಹಳೆಯ ಹಾಳೆ ಮುಟ್ಟಿದ ಮೇಲೆ ಕೈ ತೊಳೆಯದೆ ಊಟಕ್ಕೆ ಕೂರಬೇಡಿ.

ಹೂವಿರುವ ಗಿಡ, ಬಳ್ಳಿ, ಹುಲ್ಲುಗಳಿಗೆ ನನ್ನ ಮೊದಲ ಆಯ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದಲ್ಲಿರುವ ಜೆಸಿಬಿ ಹರ್ಬೇರಿಯಂ (ಜೆಸಿಬಿ ಅದರ ಸಂಕೇತಾಕ್ಷರ). ಇದರ ಬುಡ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಸಿಸಿಲ್ ಸಲ್ಡಾನಾ ಕಟ್ಟಿದ ಸಂಗ್ರಹ. ಹಾಸನ ಜಿಲ್ಲೆಯ ಸಸ್ಯಗಳ ಮೇಲೆ ಅವರು ಅಮೆರಿಕದ ಸ್ಮಿತ್‌ಸೋನಿಯನ್‌ನ ನಿಕಲ್ಸನ್ ಜೊತೆ ಸೇರಿ 1976ರಲ್ಲಿ ತಂದ ಗ್ರಂಥ ಸಕಲೇಶಪುರದ ಕಾಡಿನಿಂದ ಬಯಲಿನವರೆಗೆ ಒಂದೊಂದು ಗಿಡವನ್ನೂ ಹಾಳೆ ಹಿಡಿದು ಲೆಕ್ಕ ಹಾಕಿದ ಕೆಲಸ. ಘಟ್ಟದ ಈಚೆ ಮಲೆನಾಡಿನ ಗಿಡಕ್ಕೆ ಹೋಲಿಕೆ ಹುಡುಕಲು ಇದಕ್ಕಿಂತ ಹತ್ತಿರದ ನಿಧಿ ಇಲ್ಲ. ಮೇಲಾಗಿ ಕರ್ನಾಟಕದ ಸಸ್ಯಗಳ ಪಟ್ಟಿ, ಚಿತ್ರ, ಹಾಳೆಗಳನ್ನು ಅವರು ಅಂತರ್ಜಾಲದಲ್ಲಿ ತೆರೆದಿಟ್ಟಿದ್ದಾರೆ. ಬಸ್ ಹತ್ತುವ ಮೊದಲು ಮನೆಯಲ್ಲೇ ಕೂತು ಅರ್ಧ ಕೆಲಸ ಮುಗಿಸಬಹುದು.

ಹೂವೇ ಸಿಗದ ಮರಕ್ಕೆ ಮಾತ್ರ ನಾನು ಬೆಂಗಳೂರಿಗಿಂತ ಪಾಂಡಿಚೇರಿಯನ್ನು ಮೇಲೆ ಇಡುತ್ತೇನೆ. ನಮ್ಮ ಕಾನಿನ ಮರಗಳ ತೊಂದರೆ ಗೊತ್ತಲ್ಲ, ಎಂಬತ್ತು ಅಡಿ ಮೇಲೆ ಹೂ ಬಿಡುತ್ತವೆ, ನಮ್ಮ ಕೈಗೆ ಸಿಗುವುದು ಕೆಳಗೆ ಬಿದ್ದ ಎಲೆ, ತೊಗಟೆಯ ಚೂರು. 1955ರಲ್ಲಿ ಶುರುವಾದ ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯವರು ಪಶ್ಚಿಮಘಟ್ಟದ ನಿತ್ಯಹರಿದ್ವರ್ಣ ಕಾಡಿನ ಮರಗಳನ್ನೇ ಹಿಡಿದು ದಶಕಗಟ್ಟಲೆ ಕೆಲಸ ಮಾಡಿದ್ದಾರೆ. ಎಲೆ ಎದುರುಬದುರಾಗಿದೆಯೇ, ತೊಗಟೆ ಕೊಯ್ದರೆ ಯಾವ ಬಣ್ಣದ ರಸ, ಕೊಂಬೆಯ ತುದಿ ಹೇಗಿದೆ, ಇಷ್ಟರಿಂದಲೇ ಮರ ಗುರುತಿಸುವ ಕ್ರಮವನ್ನು ಬೆಳೆಸಿದವರು ಅವರು. ಶಿವಮೊಗ್ಗ ಭಾಗದ ಕಾಡಿನ ನಕ್ಷೆಯನ್ನೂ 1980ರ ದಶಕದ ಆರಂಭದಲ್ಲಿ ಮಾಡಿದ್ದಾರೆ. ಇಂದು ಅಡಿಕೆ ತೋಟವಾಗಿರುವ ಜಾಗದಲ್ಲಿ ಆಗ ಯಾವ ಕಾಡಿತ್ತು ಎಂದು ಆ ನಕ್ಷೆಯಲ್ಲಿ ಕಾಣುತ್ತದೆ.

ಔಷಧಿ ಗಿಡಕ್ಕೆ ಬೇರೆ ದಾರಿ. ನಾಟಿ ವೈದ್ಯರು ಕೊಟ್ಟ ಬೇರು, ಸಂತೆಯಲ್ಲಿ ಸಿಕ್ಕ ತೊಗಟೆ ಯಾವ ಗಿಡದ್ದು ಎಂಬ ಪ್ರಶ್ನೆಯಿದ್ದರೆ ಬೆಂಗಳೂರಿನ ಯಲಹಂಕ ಬಳಿ ಇರುವ, ಸ್ಥಳೀಯ ವೈದ್ಯ ಪರಂಪರೆಗಳಿಗೆಂದೇ ಇರುವ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆಯೇ ಸರಿ. 1993ರಲ್ಲಿ ಆರಂಭವಾದ ಅಲ್ಲಿ ಒತ್ತಿದ ಗಿಡಗಳ ಜೊತೆ ಅಂಗಡಿಯ ಕಚ್ಚಾ ಮದ್ದುಗಳ ಮಾದರಿಯೂ ಇದೆ. ಅಶೋಕದ ತೊಗಟೆ ಎಂದು ಮಾರುವುದರಲ್ಲಿ ರಸ್ತೆ ಬದಿಯ ಉದ್ದನೆಯ ಮರದ ತೊಗಟೆ ಸೇರಿಸುವುದು ಎಲ್ಲರಿಗೂ ಗೊತ್ತಿರುವ ಮೋಸ. ತೊಗಟೆಗೆ ತೊಗಟೆ ಇಟ್ಟು ನೋಡದೆ ಅದು ತಿಳಿಯುವುದಿಲ್ಲ.

ಸರ್ಕಾರಿ ಸರ್ವೆಯ ಪುಣೆ, ಕೊಯಮತ್ತೂರು ಕೇಂದ್ರಗಳ ವಿಷಯದಲ್ಲಿ ನನ್ನ ಅಭಿಪ್ರಾಯ ನೇರ. ಸಾಮಾನ್ಯ ಗಿಡಕ್ಕೆ ಅಲ್ಲಿಗೆ ಹೋಗುವ ಅಗತ್ಯ ಇಲ್ಲ. ಆದರೆ ನಿಮ್ಮ ಕೈಗೆ ಬಂದದ್ದು ಹೊಸ ಜಾತಿಯೇ ಇರಬಹುದೆಂಬ ಅನುಮಾನ ಗಟ್ಟಿಯಾದರೆ ಅಲ್ಲಿಗೇ ಹೋಗಬೇಕು. 2002ರ ಜೀವವೈವಿಧ್ಯ ಕಾಯ್ದೆಯ 39ನೇ ಕಲಮಿನ ಪ್ರಕಾರ ಹೊಸದಾಗಿ ಪತ್ತೆಯಾದ ಜೀವಿಯನ್ನು ಸರ್ಕಾರ ಗೊತ್ತು ಮಾಡಿದ ಭಂಡಾರಕ್ಕೆ ತಿಳಿಸಿ ಮಾದರಿ ಒಪ್ಪಿಸುವುದು ಕಡ್ಡಾಯ. ಸಸ್ಯಗಳಿಗೆ ಸರ್ವೆ ಅಂಥ ಭಂಡಾರ. ಹೆಸರಿಗೆ ಆಧಾರವಾಗುವ ಆ ಹಾಳೆಯನ್ನು ಟೈಪ್ ಎನ್ನುತ್ತಾರೆ, ಅದು ಮುಂದಿನ ಎಲ್ಲ ವಾದಗಳಿಗೂ ಕೊನೆಯ ಸಾಕ್ಷಿ. ಸಿದ್ದಾಪುರದ ಕತ್ತಲೆಕಾನಿನ ಜೌಗಿನಲ್ಲಿ ಗೇರು ಜಾತಿಯ ಒಂದು ಹೊಸ ಮರ ಸಿಕ್ಕು 2000ದಲ್ಲಿ ಊರಿನ ಹೆಸರನ್ನೇ ಪಡೆಯಿತು. ದಿನಾ ನೋಡುವ ಹೊಳೆಬದಿಯಲ್ಲೂ ಅಂಥದ್ದು ನಿಂತಿರಬಹುದು ಎಂದು ಇಟ್ಟುಕೊಂಡೇ ಹಾಳೆ ಮಾಡಿ.

ಅಣಬೆಯವರು ಇಲ್ಲಿಂದ ಓದಿ

ಅಣಬೆಯನ್ನು ಗಿಡದ ಹರ್ಬೇರಿಯಂಗೆ ಕೊಡುವುದು ಬಹಳ ಜನ ಮಾಡುವ ತಪ್ಪು. ತೆಗೆದುಕೊಳ್ಳುತ್ತಾರೆ, ಆದರೆ ಅಣಬೆ ಬಲ್ಲವರು ಅಲ್ಲಿಗೆ ಬಂದು ಹುಡುಕುವುದು ಅಪರೂಪ. ನಮ್ಮ ಭಾಗದಿಂದ ಕೊಡಲು ಪುಣೆಯ ಆಘಾರ್ಕರ್ ಸಂಶೋಧನಾ ಸಂಸ್ಥೆಯ ಅಜ್ರೇಕರ್ ಶಿಲೀಂಧ್ರ ಹರ್ಬೇರಿಯಂ ಎಲ್ಲಕ್ಕಿಂತ ಒಳ್ಳೆಯದು. ಜೀವಂತ ಶಿಲೀಂಧ್ರ ಕಾಪಿಡುವ ರಾಷ್ಟ್ರೀಯ ಭಂಡಾರವೂ ಅದೇ ಆವರಣದಲ್ಲಿದೆ, ಆದ್ದರಿಂದ ಒಣ ಮಾದರಿ ಮತ್ತು ಬೆಳೆಸಿದ ಶಿಲೀಂಧ್ರ ಎರಡನ್ನೂ ಒಂದೇ ಊರಲ್ಲಿ ಒಪ್ಪಿಸಬಹುದು. ಕಾಡಣಬೆಗಳ ಗುರುತಿಗೆ ಶಂಕರಘಟ್ಟದಲ್ಲೂ ಕೆಲಸ ನಡೆದಿದೆ, ಹಸಿ ಅಣಬೆ ತೋರಿಸಲು ಅಲ್ಲಿಗೇ ಮೊದಲು ಹೋಗಿ.

ಬೆಳೆರೋಗದ ಶಿಲೀಂಧ್ರವಾದರೆ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಸಂಗ್ರಹ ಹಳೆಯದು, 1905ರಲ್ಲಿ ಬಿಹಾರದ ಪೂಸಾದಲ್ಲಿ ಬಟ್ಲರ್ ಆರಂಭಿಸಿದ್ದು. ಆದರೆ ತೋಟದ ಎಲೆಚುಕ್ಕಿ ಹಿಡಿದ ಅಡಿಕೆ ಸೋಗೆಯನ್ನು ದೆಹಲಿಗೆ ಕಳಿಸಿ ಉತ್ತರಕ್ಕೆ ಕಾಯಲು ಆಗುವುದಿಲ್ಲ. ಮದ್ದಿನ ಸಲಹೆ ಬೇಕಾದರೆ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ಒಯ್ಯಿರಿ. ಹಾಗೆಂದು ಮಾದರಿ ಉಳಿಸುವುದನ್ನು ಬಿಡಬಾರದು. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ 1910ರಲ್ಲಿ ಅಡಿಕೆ ಕೊಳೆರೋಗದ ಮೇಲೆ ಬರೆದದ್ದು ಇಂದಿಗೂ ಓದುವಂತಿದೆ. ನಾವು ಮಳೆಗೆ ಮೊದಲು ಗೊನೆಗೆ ಹೊಡೆಯುವ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣದ ಬೆನ್ನಿಗೆ ಅಂಥ ಅಧ್ಯಯನಗಳಿವೆ. ಈಗಿನ ಎಲೆಚುಕ್ಕಿ ಮುಂದೆ ಹೇಗೆ ಬದಲಾಯಿತು ಎಂದು ಯಾರಾದರೂ ಕೇಳುವ ದಿನಕ್ಕೆ ಇವತ್ತಿನ ಸೋಗೆಯ ತುಂಡು ಎಲ್ಲಾದರೂ ಇರಬೇಕು.

ಅಣಬೆ ಒಯ್ಯುವ ರೀತಿಯೂ ಬೇರೆ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿದರೆ ಒಂದು ಗಂಟೆಯಲ್ಲಿ ಬೆವತು ಕೊಳೆಯುತ್ತದೆ. ನಾನು ಅಡಿಕೆ ಹಾಳೆಯನ್ನು ಮಡಚಿ, ಒಳಗೆ ಒಣ ಎಲೆ ಹಾಸಿ ಒಂದೊಂದನ್ನೇ ಬಿಡಿಯಾಗಿ ಇಡುತ್ತೇನೆ. ಬುಡ ಕತ್ತರಿಸಬಾರದು, ಹುತ್ತದ ಅಣಬೆಯಾದರೆ ಮಣ್ಣೊಳಗೆ ಇಳಿದ ಉದ್ದನೆಯ ಬೇರಿನಂಥ ಭಾಗ ಬೇಕೇ ಬೇಕು, ಅದಕ್ಕೆ ಕತ್ತಿಯಿಂದ ಸುತ್ತ ಬಿಡಿಸಿ ತೆಗೆಯಬೇಕು. ಮನೆಗೆ ಬಂದ ಕೂಡಲೇ ಒಂದರ ಕೊಡೆ ಬಿಡಿಸಿ, ಅರ್ಧ ಬಿಳಿ ಅರ್ಧ ಕಪ್ಪು ಕಾಗದದ ಮೇಲೆ ಬೋರಲು ಇಟ್ಟು ಲೋಟ ಮುಚ್ಚಿ. ಬೆಳಗಾಗುವಾಗ ಬೀಜಕದ ಪುಡಿ ಉದುರಿ ಚಕ್ರದ ಅರೆಗಳಂತೆ ಚಿತ್ರ ಮೂಡಿರುತ್ತದೆ. ಆ ಪುಡಿಯ ಬಣ್ಣ ಬಿಳಿಯೋ, ತಿಳಿಗುಲಾಬಿಯೋ, ಕಂದೋ ಎಂಬುದೊಂದೇ ಎಷ್ಟೋ ಕುಲಗಳನ್ನು ಬೇರೆ ಮಾಡುತ್ತದೆ. ಉಳಿದವನ್ನು 40ರಿಂದ 45 ಡಿಗ್ರಿ ಬಿಸಿಯಲ್ಲಿ ಗರಿಗರಿಯಾಗುವವರೆಗೆ ಒಣಗಿಸಿ. ಅದಕ್ಕಿಂತ ಹೆಚ್ಚು ಕಾಯಿಸಿದರೆ ಮುಂದೆ ಡಿಎನ್‌ಎ ತೆಗೆಯುವವರಿಗೆ ತೊಂದರೆ. ಹೊಸ ಶಿಲೀಂಧ್ರ ಎಂದು ಪ್ರಕಟಿಸುವವರು 2013ರಿಂದ ಅಂತರರಾಷ್ಟ್ರೀಯ ನೋಂದಣಿ ಸಂಖ್ಯೆಯನ್ನೂ ಪಡೆಯಬೇಕು, ಅದು ಸಂಶೋಧಕರ ಜವಾಬ್ದಾರಿ. ಮಾದರಿಯನ್ನು ಸರಿಯಾಗಿ ಒಣಗಿಸಿ ಕೊಡುವುದಷ್ಟೇ ನಮ್ಮದು.

ಅನುಮತಿ, ಪ್ರತಿ, ಚೀಟಿ

ನಿಮ್ಮ ತೋಟ, ನಿಮ್ಮ ಗದ್ದೆಯದಾದರೆ ಸರಿ. ಮೀಸಲು ಅರಣ್ಯ, ಅಭಯಾರಣ್ಯ, ಕುದುರೆಮುಖದಂಥ ರಾಷ್ಟ್ರೀಯ ಉದ್ಯಾನದಲ್ಲಿ ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಒಂದು ಎಲೆ ಕೀಳಬೇಡಿ. ಸೊಪ್ಪಿನಬೆಟ್ಟ ನಮ್ಮದೇ ಎಂಬ ಭಾವನೆ ಎಲ್ಲರಿಗೂ ಇದೆ, ಆದರೆ ನಮಗಿರುವುದು ಸೊಪ್ಪು ಸವರುವ ಹಕ್ಕು, ನೆಲ ಸರ್ಕಾರದ್ದು. ಕೇಳಿಯೇ ಮುಂದುವರಿಯಿರಿ. ಅನುಮತಿ ಪತ್ರ ಇಲ್ಲದ ಮಾದರಿಯನ್ನು ಒಳ್ಳೆಯ ಹರ್ಬೇರಿಯಂ ತೆಗೆದುಕೊಳ್ಳುವುದೂ ಇಲ್ಲ. ಒಂದೆರಡೇ ಗಿಡ ಇರುವ ಜಾಗದಲ್ಲಿ ಅನುಮತಿ ಇದ್ದರೂ ಕೀಳಬಾರದು, ಚಿತ್ರ ತೆಗೆದು ಬನ್ನಿ.

ಒಂದೇ ಮರದಿಂದ ಒಂದೇ ದಿನ ಮೂರು ಕೊಂಬೆ ತೆಗೆದು ಮೂರಕ್ಕೂ ಒಂದೇ ಸಂಖ್ಯೆ ಕೊಟ್ಟರೆ ಯಾರಿಗೆ ಕೊಡುವುದು ಎಂಬ ಚಿಂತೆಯಲ್ಲಿ ಅರ್ಧ ಕಳೆಯುತ್ತದೆ. ಒಂದು ಹತ್ತಿರಕ್ಕೆ, ಒಂದು ಬೆಂಗಳೂರಿಗೆ, ಮೂರನೆಯದು ಗಿಡದ ಸ್ವಭಾವ ನೋಡಿ ಪಾಂಡಿಚೇರಿಗೋ ಪುಣೆಗೋ. ಒಂದು ಕಡೆ ಹುಳ ಬಿದ್ದರೆ ಇನ್ನೊಂದು ಉಳಿಯುತ್ತದೆ. ಚೀಟಿಯಲ್ಲಿ ನಿಮ್ಮೂರಿನ ಹೆಸರನ್ನು ಕನ್ನಡದಲ್ಲೇ, ಕರೆಯುವ ಹಾಗೇ ಬರೆಯಿರಿ, ಹೇಳಿದವರು ಯಾವ ಊರಿನವರು ಎಂದೂ ಬರೆಯಿರಿ. ಒಂದೇ ಹೆಸರಿಗೆ ಹೊಸನಗರದಲ್ಲಿ ಒಂದು ಮರ, ಘಟ್ಟ ಇಳಿದರೆ ಇನ್ನೊಂದು ಮರ ಇರುತ್ತದೆ. ಹಳೆಯ ಹಾಳೆಗಳಲ್ಲಿ ಅತಿ ಕಡಿಮೆ ಸಿಗುವುದು ಇದೇ ವಿವರ.

ಈಗ ನಮ್ಮ ಬಚ್ಚಲ ಒಲೆಯ ಮೇಲೆ, ಹಂಡೆಯಿಂದ ಎರಡು ಅಡಿ ಎತ್ತರದಲ್ಲಿ, ಹಲಗೆ ಬಿಗಿದ ಕಟ್ಟೊಂದು ತೂಗುತ್ತಿದೆ. ಒಳಗೆ ಮನೆ ಹಿಂದಿನ ರಾಮಪತ್ರೆಯ ಮೂರು ಕೊಂಬೆ. ಜಡಿಮಳೆಯಲ್ಲಿ ಇದಕ್ಕಿಂತ ಒಣ ಜಾಗ ನನಗೆ ಗೊತ್ತಿಲ್ಲ, ಆದರೂ ಪತ್ರಿಕೆಯ ಕಾಗದವನ್ನು ದಿನಾ ಬದಲಿಸುತ್ತಿದ್ದೇನೆ. ಕೊಂಬೆಯಲ್ಲಿರುವುದು ಗಂಡು ಹೂ ಮಾತ್ರ, ರಾಮಪತ್ರೆಯಲ್ಲಿ ಗಂಡು ಹೆಣ್ಣು ಬೇರೆ ಬೇರೆ ಮರ. ಹೆಣ್ಣು ಮರ ಹೊಳೆಯಾಚೆಗಿದೆ. ನೀರು ಇಳಿದ ಮೇಲೆ ಅದರದ್ದೂ ತಂದು, ಕಾಯಿಯೊಡೆಯುವ ಕಾಲಕ್ಕೆ ಪತ್ರೆ ಸಮೇತ ಒಂದು ಕಾಯಿ ಸೇರಿಸಿ, ಆಮೇಲೆಯೇ ಕಟ್ಟು ಕಳಿಸುತ್ತೇನೆ.